ತಿರುವು ಮುಗಿದರೂ ಆರದ ಇಂಡಿಕೇಟರ್: ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ದೋಷ ಹುಡುಕುವ ಬಗೆ

ಒಂದು ಭಾನುವಾರ ಬೆಳಗ್ಗೆ ಜಯನಗರದ ಒಂದು ಕ್ರಾಸ್‌ನಿಂದ ಎಡಕ್ಕೆ ತಿರುಗಿ ಮೇನ್ ರೋಡಿಗೆ ಬಂದೆ. ಕಾರು ನೆಟ್ಟಗಾಯಿತು, ಇಂಡಿಕೇಟರ್ ಮಾತ್ರ ಆರಲಿಲ್ಲ. ನನ್ನದು 1968ರ ಟ್ರಯಂಫ್ ಸ್ಪಿಟ್‌ಫೈರ್. ಸೈಲೆನ್ಸರ್ ಸದ್ದಿನಲ್ಲಿ ಟಿಕ್ ಟಿಕ್ ಕೇಳಲಿಲ್ಲ. ಮೇಲಿನ ಹುಡ್ ಮಡಚಿದ್ದೆ, ಬಿಸಿಲಿಗೆ ಡ್ಯಾಶ್‌ಬೋರ್ಡಿನ ಹಸಿರು ದೀಪವೂ ಕಣ್ಣಿಗೆ ಬೀಳಲಿಲ್ಲ. ಎಡಗಡೆಯ ಮುಂದಿನ ಕ್ರಾಸ್‌ನಲ್ಲಿ ಒಬ್ಬರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಾನು ಆ ಕ್ರಾಸ್‌ಗೇ ತಿರುಗುತ್ತೇನೆ ಅಂದುಕೊಂಡು ಹೊರಗೆ ಬಂದೇ ಬಿಟ್ಟರು. ಬ್ರೇಕ್ ಒತ್ತಿದೆ. ಸ್ಕೂಟರಿಗೂ ನನ್ನ ಬಂಪರಿಗೂ ನಡುವೆ ಒಂದು ಮೊಳ ಉಳಿದಿತ್ತು. ಅವರ ಮುಂದೆ ನಿಂತಿದ್ದ ಮಗು ಹಾಲಿನ ಚೀಲವನ್ನು ಎದೆಗೆ ಅವಚಿಕೊಂಡಿತ್ತು.

ಅವರು ಬೈಯಲಿಲ್ಲ. "ಇಂಡಿಕೇಟರ್ ಹಾಕಿದ್ರಲ್ಲ ಸಾರ್, ಒಳಗೆ ಬರ್ತೀರಾ ಅಂತ ಬಂದೆ" ಅಂದರು ಅಷ್ಟೆ. ತಪ್ಪು ಅವರದಲ್ಲ. ನನ್ನ ಕಾರು ಹೇಳಿದ್ದನ್ನು ಅವರು ನಂಬಿದ್ದರು.

ಅವತ್ತಿನಿಂದ ಈ ದೋಷವನ್ನು ನಾನು ಚಿಕ್ಕದು ಅಂದುಕೊಳ್ಳುವುದಿಲ್ಲ. ಆದರೆ ರಿಪೇರಿ ಹೆಚ್ಚಾಗಿ ಚಿಕ್ಕದೇ. ಒಂದು ಗ್ಯಾರೇಜಿನಲ್ಲಿ ಸ್ವಿಚ್ ಹೋಗಿದೆ ಅಂದರು, ಹೊರದೇಶದಿಂದ ದುಬಾರಿ ಸ್ವಿಚ್ ತರಿಸಿ ಹಾಕಿಸಿದೆ. ಇಂಡಿಕೇಟರ್ ಮೊದಲಿನ ಹಾಗೇ ಆರದೆ ಉಳಿಯಿತು. ಕೆಟ್ಟಿದ್ದದ್ದು ಸ್ವಿಚ್ ಅಲ್ಲ, ಬೆರಳುಗುರಿನಷ್ಟು ದೊಡ್ಡ ಒಂದು ತಗಡಿನ ಕ್ಲಿಪ್. ಅದಕ್ಕೇ ಸ್ವಿಚ್ ಕೊಳ್ಳುವ ಮೊದಲು ಏನೇನು ನೋಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ರಿಪೇರಿ ಆಗುವ ತನಕ ಒಂದು ಕೆಲಸ ಮಾಡಿ: ಪ್ರತಿ ತಿರುವಿನ ನಂತರ ಲಿವರನ್ನು ಕೈಯಿಂದಲೇ ನಡುವೆ ತನ್ನಿ. ಪಕ್ಕದ ಬೈಕಿನವರು ಮುಷ್ಟಿ ಬಿಚ್ಚಿ ಮುಚ್ಚಿ ಸನ್ನೆ ಮಾಡಿದರೆ, ಅದು ನಿಮಗೇ.

ಮೊದಲು, ಇದು ದೋಷವೇ ಹೌದಾ?

ಇಂಡಿಕೇಟರ್ ತಾನಾಗಿ ಆರಬೇಕಾದರೆ ಸ್ಟಿಯರಿಂಗ್ ಸಾಕಷ್ಟು ತಿರುಗಿ ವಾಪಸ್ ಬರಬೇಕು. ಲೇನ್ ಬದಲಿಸುವಾಗ ನಾವು ತಿರುಗಿಸುವುದು ನಾಲ್ಕು ಬೆರಳಿನಷ್ಟು. ಅಷ್ಟಕ್ಕೆ ಯಾವ ಹಳೆಯ ಕಾರಿನಲ್ಲೂ ಆರುವುದಿಲ್ಲ. ಹೆಬ್ಬಾಳದ ಫ್ಲೈಓವರ್ ಹತ್ತುವಾಗ, ರಿಂಗ್ ರೋಡಿನಿಂದ ಸರ್ವೀಸ್ ರೋಡಿಗೆ ಜಾರುವಾಗ ಆರದೆ ಉಳಿದರೆ ಅದು ಕಾರಿನ ಸ್ವಭಾವ. ಅಲ್ಲಿ ಲಿವರನ್ನು ಪೂರ್ತಿ ಕ್ಲಿಕ್ ಆಗುವಂತೆ ತಳ್ಳಬೇಡಿ. ಅರ್ಧ ತಳ್ಳಿ ಬೆರಳಲ್ಲೇ ಹಿಡಿದುಕೊಂಡಿರಿ, ಆಮೇಲೆ ಬಿಡಿ.

ಸರಿಯಾದ ಪರೀಕ್ಷೆ ಅಂದರೆ ತೊಂಬತ್ತು ಡಿಗ್ರಿ ತಿರುವು. ಜಯನಗರ, ಬಸವನಗುಡಿ, ಮಲ್ಲೇಶ್ವರದಂಥ ಕಡೆ ಮೇನ್, ಕ್ರಾಸ್ ಚೌಕಚೌಕವಾಗಿ ಇರುತ್ತವೆ. ಬೆಳಗ್ಗೆ ಆರು ಗಂಟೆಗೆ ಹೋಗಿ ಒಂದು ಬ್ಲಾಕಿನ ಸುತ್ತ ಎಡಕ್ಕೆ ನಾಲ್ಕು ಸಲ, ಬಲಕ್ಕೆ ನಾಲ್ಕು ಸಲ ತಿರುಗಿ. ಯಾವ ಕಡೆ ಎಷ್ಟು ಸಲ ಆರಿತು, ಸ್ಟಿಯರಿಂಗ್ ಎಲ್ಲಿಗೆ ಬಂದಾಗ ಆರಿತು ಅಂತ ನೆನಪಿಟ್ಟುಕೊಳ್ಳಿ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಂಡರೆ ಇನ್ನೂ ಒಳ್ಳೆಯದು. ಮುಂದಿನ ಹುಡುಕಾಟ ಪೂರ್ತಿ ಈ ಎಂಟು ತಿರುವುಗಳ ಮೇಲೆ ನಿಂತಿದೆ.

ಕೈ ಹಾಕುವ ಮೊದಲು

ಬ್ಯಾಟರಿ ಬಿಚ್ಚಿ. ಸ್ಟಿಯರಿಂಗ್ ಕಂಬದ ಕವರ್ ಒಳಗೆ ಇಂಡಿಕೇಟರ್, ಹಾರ್ನ್, ಕೆಲವು ಕಾರಿನಲ್ಲಿ ಹೆಡ್‌ಲೈಟ್ ವೈರ್‌ಗಳೂ ಒತ್ತಿಕೊಂಡು ಕೂತಿರುತ್ತವೆ. ಈ ಕಾರುಗಳಲ್ಲಿ ಎಷ್ಟೋ ವೈರ್‌ಗಳಿಗೆ ಫ್ಯೂಸೇ ಇರುವುದಿಲ್ಲ. ಸ್ಕ್ರೂಡ್ರೈವರ್ ಒಂದು ಸಲ ಜಾರಿದರೆ ಹೊಗೆ ಬರುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. 1960ರ ದಶಕದ ಮಧ್ಯದವರೆಗಿನ ಹಲವು ಬ್ರಿಟಿಷ್ ಕಾರುಗಳಲ್ಲಿ ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ಸೇರಿಸಿರುವುದು ಬ್ಯಾಟರಿಯ ಪಾಸಿಟಿವ್ ಟರ್ಮಿನಲ್. ಮೊದಲ ವರ್ಷಗಳ ಎಂಜಿಬಿ ಸ್ಪೋರ್ಟ್ಸ್ ಕಾರು ಹಾಗೇ ಇತ್ತು. ಯಾವ ಟರ್ಮಿನಲ್ ಬಾಡಿಗೆ ಸೇರಿದೆಯೋ ಅದನ್ನೇ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಪುಸ್ತಕದಲ್ಲಿ ಬರೆದದ್ದನ್ನು ಸುಮ್ನೆ ನಂಬಬೇಡಿ, ನಡುವೆ ಯಾರಾದರೂ ಬದಲಿಸಿರಬಹುದು. ದಪ್ಪ ಕೇಬಲ್ ಎಲ್ಲಿಗೆ ಹೋಗಿದೆ ಅಂತ ಕಣ್ಣಿನಿಂದ ನೋಡಿ. ಹಳೆಯ ಎಂಜಿಬಿ ಆದರೆ ಬಾನೆಟ್ ಕೆಳಗೆ ಹುಡುಕಬೇಡಿ. ಅದರ ಎರಡು 6 ವೋಲ್ಟ್ ಬ್ಯಾಟರಿಗಳು ಸೀಟಿನ ಹಿಂದೆ, ನೆಲದ ಕೆಳಗಿವೆ.

ನಿಮ್ಮದು 90ರ ದಶಕದ ಕಾರು, ಸ್ಟಿಯರಿಂಗಿನಲ್ಲಿ ಏರ್‌ಬ್ಯಾಗ್ ಇದೆ ಅಂದರೆ ಇಲ್ಲೇ ನಿಲ್ಲಿಸಿ. ಸ್ಟಿಯರಿಂಗ್ ಹತ್ತಿರ ಮನೆಯಲ್ಲಿ ಸ್ಪ್ಯಾನರ್ ಹಿಡಿಯಬೇಡಿ. ಅದು ತರಬೇತಿ ಆದವರ ಕೆಲಸ.

ಒಳಗೆ ನಡೆಯುವುದು ಏನು

ಇದನ್ನು ಒಂದು ಸಲ ಮನಸ್ಸಿನಲ್ಲಿ ಕೂರಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಲಿವರಿನ ಬುಡದಲ್ಲಿ ಸ್ವಿಚ್ ಇದೆ. ಸ್ವಿಚ್ಚಿನಿಂದ ಸ್ಟಿಯರಿಂಗ್ ಕಂಬದ ಕಡೆಗೆ ಎರಡು ಪುಟ್ಟ ನಾಲಿಗೆಗಳು ಚಾಚಿಕೊಂಡಿರುತ್ತವೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಪ್ರತಿಯೊಂದರ ಹಿಂದೆ ಒಂದು ಸ್ಪ್ರಿಂಗ್. ಕಂಬದ ಮೇಲೆ ಒಂದು ಉಬ್ಬು ಇರುತ್ತದೆ. ಕೆಲವು ಕಾರಿನಲ್ಲಿ ಅದು ಪ್ಲಾಸ್ಟಿಕ್ ರಿಂಗ್, ಕೆಲವುಗಳಲ್ಲಿ ಸ್ಟಿಯರಿಂಗ್ ಹಿಂಬದಿಯಲ್ಲಿ ಅದನ್ನು ಕಂಬಕ್ಕೆ ಕೂರಿಸುವ ನಡುತುಂಡಾದ ಬಾಸ್‌ನಿಂದ ಹೊರಟ ಮೊಳೆ. ಸ್ಪಿಟ್‌ಫೈರ್‌ನಲ್ಲಿ ಒಳಗಿನ ಕಂಬಕ್ಕೆ ಸಿಕ್ಕಿಸಿದ ತಗಡಿನ ಕ್ಲಿಪ್. ಯಾವುದೇ ಆಗಲಿ, ನಾನು ಇಲ್ಲಿ ಉಬ್ಬು ಅಂತಲೇ ಕರೆಯುತ್ತೇನೆ.

ಎಡ ಇಂಡಿಕೇಟರ್ ಹಾಕಿದಾಗ ಎಡದ ನಾಲಿಗೆ ಉಬ್ಬಿನ ದಾರಿಗೆ ಬರುತ್ತದೆ. ಸ್ಟಿಯರಿಂಗ್ ಎಡಕ್ಕೆ ತಿರುಗುವಾಗ ಉಬ್ಬು ಬಂದು ತಾಗುತ್ತದೆ, ನಾಲಿಗೆ ಮಡಚಿಕೊಂಡು ದಾರಿ ಬಿಡುತ್ತದೆ. ಉಬ್ಬು ಆಚೆ ಹೋದ ತಕ್ಷಣ ಸ್ಪ್ರಿಂಗ್ ಅದನ್ನು ಮತ್ತೆ ಹೊರಗೆ ತಳ್ಳುತ್ತದೆ. ಸ್ಟಿಯರಿಂಗ್ ವಾಪಸ್ ಬರುವಾಗ ಉಬ್ಬು ಅದೇ ನಾಲಿಗೆಗೆ ಹಿಂದಿನಿಂದ ತಾಗುತ್ತದೆ. ಆ ಕಡೆಗೆ ಅದು ಮಡಚುವುದಿಲ್ಲ. ಹಾಗಾಗಿ ಇಡೀ ಲಿವರನ್ನೇ ನಡುವಿಗೆ ದೂಡುತ್ತದೆ. ಇಷ್ಟೇ. ಇದರಲ್ಲಿ ಕರೆಂಟಿನ ಪಾತ್ರವೇ ಇಲ್ಲ.

ಬೆರಳಿನ ಪರೀಕ್ಷೆ

ನಾನು ಎಲ್ಲಕ್ಕಿಂತ ಮೊದಲು ಮಾಡಬೇಕಿದ್ದ ಪರೀಕ್ಷೆ ಇದು. ಕಂಬದ ಕವರನ್ನು ಬಿಚ್ಚಿ. ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ಸ್ಕ್ರೂ ಇರುತ್ತವೆ. ಹಳೆಯ ಪ್ಲಾಸ್ಟಿಕ್, ಬಿಸಿಲಿಗೆ ಬಿಸ್ಕತ್ತಿನ ಹಾಗೆ ಆಗಿರುತ್ತದೆ, ಎಳೆದಾಡಬೇಡಿ. ಲಿವರನ್ನು ಎಡಕ್ಕೆ ಹಾಕಿ. ಹೊರಗೆ ಬಂದ ನಾಲಿಗೆಯನ್ನು, ಸ್ಟಿಯರಿಂಗ್ ವಾಪಸ್ ಬರುವಾಗ ಉಬ್ಬು ತಳ್ಳುವ ದಿಕ್ಕಿಗೇ, ಬೆರಳಿನಿಂದ ತಳ್ಳಿ. ಬೆರಳು ತಲುಪದಿದ್ದರೆ ಐಸ್‌ಕ್ರೀಂ ಕಡ್ಡಿ ಸಾಕು. ಲಿವರ್ ಟಕ್ ಅಂತ ನಡುವಿಗೆ ಬಂತಾ? ಬಂದರೆ ಸ್ವಿಚ್ ಸರಿಯಾಗಿದೆ, ದೋಷ ಇರುವುದು ಉಬ್ಬಿನಲ್ಲಿ ಅಥವಾ ಎರಡರ ನಡುವಿನ ಸಂದಿನಲ್ಲಿ. ಬರದಿದ್ದರೆ ದೋಷ ಸ್ವಿಚ್ಚಿನ ಒಳಗೆ. ಬಲಕ್ಕೂ ಹೀಗೇ ಮಾಡಿ.

ಈ ಎರಡು ನಿಮಿಷದ ಪರೀಕ್ಷೆ ಮಾಡಿದ್ದರೆ ನನ್ನ ಹಳೆಯ ಸ್ವಿಚ್ಚನ್ನು ತೆಗೆದು ಬಿಸಾಡುವ ಅಗತ್ಯವೇ ಇರಲಿಲ್ಲ.

ಎರಡೂ ಕಡೆ ಯಾವತ್ತೂ ಆರುವುದಿಲ್ಲ

ಮೊದಲು ನೆನಪು ಮಾಡಿಕೊಳ್ಳಿ: ಇತ್ತೀಚೆಗೆ ಸ್ಟಿಯರಿಂಗ್ ಬದಲಿಸಿದ್ದೀರಾ? ಮರದ ಹಿಡಿಯ ಚಂದದ ಸ್ಟಿಯರಿಂಗ್ ಹಾಕಿಸಿದ ದಿನದಿಂದ ಆರುತ್ತಿಲ್ಲ ಅನ್ನುವುದು ತುಂಬಾ ಸಾಮಾನ್ಯ. ಉಬ್ಬು ಹಳೆಯ ಬಾಸ್‌ನಲ್ಲೇ ಇದ್ದ ಕಾರಿಗೆ, ಆ ಮೊಳೆ ಇಲ್ಲದ ಹೊಸ ಬಾಸ್ ಹಾಕಿದರೆ ನಾಲಿಗೆಯನ್ನು ತಳ್ಳುವವರೇ ಇಲ್ಲ. ಹಳೆಯ ಬಾಸ್ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿ, ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪೀಣ್ಯದಲ್ಲಿ ಚಿಕ್ಕ ಚಿಕ್ಕ ಲೇತ್ ಅಂಗಡಿಗಳು ಬೇಕಾದಷ್ಟಿವೆ. ಹಳೆಯ ಬಾಸನ್ನು ಮಾದರಿಗೆ ಕೊಟ್ಟರೆ ಹೊಸದರಲ್ಲಿ ಅದೇ ಜಾಗಕ್ಕೆ ರಂಧ್ರ ಹಾಕಿ ಹಿತ್ತಾಳೆಯ ಮೊಳೆ ಕೂರಿಸಿಕೊಡುತ್ತಾರೆ. ಆದರೆ ಹಲ್ಲುಗಳಿರುವ ನಡುಭಾಗದ ಹತ್ತಿರ ಮಾತ್ರ ಕೊರೆಯಲು ಬಿಡಬೇಡಿ. ಸ್ಟಿಯರಿಂಗ್ ಹಿಡಿದುಕೊಂಡಿರುವುದೇ ಆ ಭಾಗ.

ಸ್ಟಿಯರಿಂಗ್ ಬದಲಾಗಿಲ್ಲ ಅಂದರೆ ಸಂದು ನೋಡಿ. ಸ್ವಿಚ್ಚನ್ನು ಕಂಬಕ್ಕೆ ಹಿಡಿದಿರುವ ಪುಟ್ಟ ಸ್ಕ್ರೂಗಳು ನಮ್ಮ ರಸ್ತೆಗಳ ಗುಂಡಿ, ಹಂಪ್‌ಗಳಿಗೆ ನಿಧಾನಕ್ಕೆ ಸಡಿಲವಾಗುತ್ತವೆ. ಸ್ವಿಚ್ ಒಂದೆರಡು ಮಿಲಿಮೀಟರ್ ಹಿಂದೆ ಸರಿದರೆ ಸಾಕು, ಉಬ್ಬು ನಾಲಿಗೆಗೆ ತಾಗದೆ ಹಾದುಹೋಗುತ್ತದೆ.

ಆ ಸಂದಿಗೆ ಅಳತೆಪಟ್ಟಿ ತೂರುವುದಿಲ್ಲ. ನಾನು ಬಳಸಿದ್ದು ಚಪಾತಿ ಹಿಟ್ಟು. ಗಟ್ಟಿಯಾಗಿ ಕಲಸಿದ ಹಿಟ್ಟಿನಲ್ಲಿ ಬಟಾಣಿಯಷ್ಟು ತೆಗೆದುಕೊಂಡು ನಾಲಿಗೆಯ ತುದಿಗೆ ಅಂಟಿಸಿದೆ. ಲಿವರ್ ಎಡಕ್ಕೆ ಹಾಕಿ ಸ್ಟಿಯರಿಂಗನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದೆ. ಟಾರ್ಚ್ ಬಿಟ್ಟು ನೋಡಿದರೆ ಹಿಟ್ಟಿನ ಮೇಲೆ ಕ್ಲಿಪ್ಪಿನ ಗುರುತು ಮೂಡಿತ್ತು, ಆದರೆ ಚರ್ಮ ಗೀಚಿದಷ್ಟೇ. ಸರಿಯಾಗಿದ್ದರೆ ಹಿಟ್ಟು ಸೀಳಿ ಕೆಳಗಿನ ನಾಲಿಗೆ ಕಾಣಬೇಕು. ಗುರುತೇ ಮೂಡದಿದ್ದರೆ ಉಬ್ಬು ಪೂರ್ತಿ ಸವೆದಿದೆ, ಇಲ್ಲವೇ ಜಾಗದಲ್ಲೇ ಇಲ್ಲ. ಕೆಲಸ ಮುಗಿದ ಮೇಲೆ ಹಿಟ್ಟನ್ನು ಒಂದು ಚೂರೂ ಬಿಡದೆ ಒರೆಸಿ. ಅದರಲ್ಲಿ ಉಪ್ಪಿದೆ, ನೀರಿದೆ, ತುಕ್ಕು ಹಿಡಿಸುತ್ತದೆ.

ಸಂದು ಜಾಸ್ತಿ ಇದ್ದರೆ ಸ್ವಿಚ್ಚಿನ ಸ್ಕ್ರೂಗಳನ್ನು ಸಡಿಲಿಸಿ, ಸ್ವಿಚ್ಚನ್ನು ಒಂದು ಮಿಲಿಮೀಟರ್‌ನಷ್ಟು ಕಂಬದ ಕಡೆ ಒತ್ತಿ, ಬಿಗಿ ಮಾಡಿ, ಮತ್ತೆ ಹಿಟ್ಟು ಹಾಕಿ ನೋಡಿ. ಒಂದೇ ಸಲಕ್ಕೆ ಪೂರ್ತಿ ಒತ್ತಬೇಡಿ. ತೀರಾ ಹತ್ತಿರ ಬಂದರೆ ಲಿವರ್ ನಡುವೆ ಇದ್ದಾಗಲೂ ಉಬ್ಬು ಉಜ್ಜುತ್ತದೆ, ಕೆಲವೇ ದಿನದಲ್ಲಿ ನಾಲಿಗೆ ಮುರಿಯುತ್ತದೆ.

ನನ್ನ ಕಾರಿನಲ್ಲಿ ಸಂದು ಸರಿಮಾಡಿದರೂ ಕೆಲಸ ಆಗಲಿಲ್ಲ. ಕ್ಲಿಪ್ಪನ್ನು ಹೊರಗೆ ತೆಗೆದು ಬಿಳಿ ಕಾಗದದ ಮೇಲೆ ಇಟ್ಟು ನೋಡಿದೆ. ಅದಕ್ಕೆ ಎರಡು ಕೊಂಬು. ಒಂದರ ತುದಿ ಪೆನ್ಸಿಲ್ ಮೊನೆಯ ಹಾಗೆ ಸವೆದಿತ್ತು. ಇನ್ನೊಂದು ಬಾಗಿ ಒಳಗೆ ಮಲಗಿತ್ತು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ತಿರುವಿಗೂ ನಾಲಿಗೆಗೆ ತಾಗಿ ತಾಗಿ ಹಾಗಾಗಿತ್ತು.

ಒಂದು ಕಡೆ ಆರುತ್ತದೆ, ಇನ್ನೊಂದು ಕಡೆ ಆರುವುದಿಲ್ಲ

ಇಲ್ಲಿ ನೀವು ಬರೆದುಕೊಂಡ ಎಂಟು ತಿರುವುಗಳು ಕೆಲಸಕ್ಕೆ ಬರುತ್ತವೆ. ಕೆಟ್ಟ ಕಡೆ ಯಾವತ್ತೂ ಆರುವುದೇ ಇಲ್ಲವಾ, ಅಥವಾ ಜಾಸ್ತಿ ತಿರುಗಿಸಿದರೆ ಆರುತ್ತದಾ? ಎರಡಕ್ಕೂ ಬೇರೆ ಬೇರೆ ಅರ್ಥ.

ಯಾವತ್ತೂ ಆರುವುದಿಲ್ಲ ಅಂದರೆ ಆ ಕಡೆಯ ನಾಲಿಗೆ ಮುರಿದಿದೆ, ಅಥವಾ ಅದರ ಸ್ಪ್ರಿಂಗ್ ಹಾರಿಹೋಗಿದೆ. ಬೆರಳಿನ ಪರೀಕ್ಷೆಯಲ್ಲಿ ನಾಲಿಗೆ ಸತ್ತ ಹಾಗೆ ಒಳಗೇ ಉಳಿದರೆ ಸ್ಪ್ರಿಂಗ್ ಅಂತ ತಿಳಿಯಿರಿ. ಕವರಿನ ತಳದಲ್ಲಿ, ಕಾಲಿನ ಮ್ಯಾಟ್ ಮೇಲೆ ಹುಡುಕಿ. ಬಾಲ್ ಪೆನ್ ಸ್ಪ್ರಿಂಗಿಗಿಂತ ತೆಳ್ಳಗಿರುವ ತಂತಿ ಸಿಗಬಹುದು. ಮುರಿದ ನಾಲಿಗೆಯ ಚೂರೂ ಅಲ್ಲೇ ಇರಬಹುದು, ಅದನ್ನು ಬಿಸಾಡಬೇಡಿ. ಹೊಸದು ಮಾಡಿಸಲು ಅದೇ ಅಳತೆ.

ಜಾಸ್ತಿ ತಿರುಗಿಸಿದರೆ ಆರುತ್ತದೆ, ಇನ್ನೊಂದು ಕಡೆ ತೀರಾ ಬೇಗ ಆರುತ್ತದೆ ಅಂದರೆ ನಾಲಿಗೆಗಳೆರಡೂ ಸರಿ ಇವೆ. ಉಬ್ಬು ನಡುವಿನಲ್ಲಿಲ್ಲ. ಇದು ಬೆಂಗಳೂರಿನಲ್ಲಿ ಹೇಗೆ ಆಗುತ್ತದೆ ಅಂದರೆ, ಗುಂಡಿಗೆ ಬಿದ್ದು ಕಾರು ಒಂದು ಕಡೆ ಎಳೆಯಲು ಶುರುಮಾಡುತ್ತದೆ. ವೀಲ್ ಅಲೈನ್‌ಮೆಂಟಿಗೆ ಕೊಡುತ್ತೇವೆ. ಅಲ್ಲಿ ಎರಡು ಕಡೆಯ ಟೈ ರಾಡ್ (ಸ್ಟಿಯರಿಂಗಿನ ತಿರುವನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಸರಳು) ಸಮನಾಗಿ ತಿರುಗಿಸುವ ಬದಲು ಒಂದೇ ಕಡೆ ತಿರುಗಿಸುತ್ತಾರೆ. ಸ್ಟಿಯರಿಂಗ್ ಸೊಟ್ಟಗಾಗುತ್ತದೆ. ಅದನ್ನು ನೆಟ್ಟಗೆ ಮಾಡಲು ಸ್ಟಿಯರಿಂಗ್ ಬಿಚ್ಚಿ ಒಂದೆರಡು ಹಲ್ಲು ಆಚೀಚೆ ಕೂರಿಸುತ್ತಾರೆ. ನೋಡಲು ಎಲ್ಲ ನೆಟ್ಟಗಿದೆ, ಒಳಗೆ ಕಂಬ ಮಾತ್ರ ತಿರುಗಿ ನಿಂತಿದೆ. ಉಬ್ಬು ಕಂಬದ ಮೇಲೆ ಇರುವ ಕಾರಿನಲ್ಲಿ ಅದೂ ಜೊತೆಗೆ ತಿರುಗಿ ನಿಂತಿದೆ.

ಇದಕ್ಕೆ ಸ್ವಿಚ್ ಮುಟ್ಟಬೇಡಿ. ಮುಂದಿನ ಎರಡೂ ಟೈ ರಾಡ್‌ಗಳಲ್ಲಿ ಹೊರಗೆ ಕಾಣುವ ಥ್ರೆಡ್ ಎಷ್ಟಿದೆ ಅಂತ ಹೋಲಿಸಿ. ಒಂದು ಕಡೆ ಬೆರಳಗಲ, ಇನ್ನೊಂದು ಕಡೆ ಏನೂ ಇಲ್ಲ ಅಂದರೆ ಅನುಮಾನವೇ ಬೇಡ. ಹಳೆಯ ಕಾರು ಬಲ್ಲ ಅಲೈನ್‌ಮೆಂಟಿನವರ ಹತ್ತಿರ ಹೋಗಿ, "ಮೊದಲು ರ‍್ಯಾಕ್ ನಡುವೆ ತಂದು, ಎರಡೂ ಕಡೆ ಸಮ ಮಾಡಿ" ಅಂತ ಕೇಳಿ. ರ‍್ಯಾಕ್ ಅಂದರೆ ಕಂಬ ತಿರುಗಿದಾಗ ಟೈ ರಾಡ್‌ಗಳನ್ನು ಆಚೀಚೆ ದೂಡುವ ಹಲ್ಲಿನ ಪಟ್ಟಿ. ಈ ಕೆಲಸ ಮನೆಯ ಮುಂದೆ ಮಾಡುವಂಥದ್ದಲ್ಲ. ರಾಡಿನ ಥ್ರೆಡ್ ಸಾಕಷ್ಟು ಒಳಗಿಲ್ಲದಿದ್ದರೆ ಓಡುವಾಗ ಕಳಚಿಕೊಳ್ಳಬಹುದು.

ಬೆಳಗ್ಗೆ ಆರುವುದಿಲ್ಲ, ಮಧ್ಯಾಹ್ನ ಸರಿಯಾಗುತ್ತದೆ

ಇದು ಎಲ್ಲಕ್ಕಿಂತ ಅಗ್ಗದ ರಿಪೇರಿ. ಹಳೆಯ ಗ್ರೀಸ್ ಒಣಗಿ, ಧೂಳು ಸೇರಿ, ಅಂಟಿನ ಹಾಗಾಗಿದೆ. ತಣ್ಣಗಿದ್ದಾಗ ನಾಲಿಗೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಬಿಸಿಲಿಗೆ ಸಡಿಲವಾಗುತ್ತದೆ. ಡಿಸೆಂಬರ್‌ನಲ್ಲಿ ನಂದಿಬೆಟ್ಟಕ್ಕೆ ಹೊರಟ ಬೆಳಗಿನ ಜಾವ ಈ ದೂರು ಜಾಸ್ತಿ ಕೇಳಿಬರುತ್ತದೆ.

ಎಸ್.ಪಿ. ರೋಡಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಯವರು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾರುತ್ತಾರೆ. ಪ್ಲಾಸ್ಟಿಕ್ಕಿಗೆ ತೊಂದರೆ ಇಲ್ಲ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನೇ ತನ್ನಿ. ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ, ಒಣಗಲು ಬಿಡಿ. ಆಮೇಲೆ ನಾಲಿಗೆ ತಿರುಗುವ ಜಾಗಕ್ಕೆ, ಉಬ್ಬಿನ ತುದಿಗೆ, ಬೆಂಕಿಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಜಾಸ್ತಿ ಹಚ್ಚಿದರೆ ಸ್ವಿಚ್ಚಿನ ತಾಮ್ರದ ಕಾಂಟ್ಯಾಕ್ಟಿಗೆ ಹರಿದು ಹೊಸ ತಲೆನೋವು. ಪೆಟ್ರೋಲ್, ಥಿನ್ನರ್ ಬೇಡ. ಪ್ಲಾಸ್ಟಿಕ್ ತಿನ್ನುತ್ತವೆ, ಬೆಂಕಿಯ ಭಯ ಬೇರೆ.

ತಿರುಗುವ ಮೊದಲೇ ಆರಿಬಿಡುತ್ತದೆ, ಅಥವಾ ಲಿವರ್ ನಿಲ್ಲುವುದೇ ಇಲ್ಲ

ಹಂಪ್ ಹಾರಿದಾಗ ಲಿವರ್ ತಾನೇ ನಡುವಿಗೆ ಬಂದರೆ, ಅದನ್ನು ಹಿಡಿದುಕೊಳ್ಳುವ ಒಳಗಿನ ಕ್ಲಿಕ್ ಸವೆದಿದೆ. ಲಿವರ್ ಹಾಕುವಾಗ ಟಕ್ ಅನ್ನುವ ಸದ್ದು ಮೆತ್ತಗಾಗಿದ್ದರೆ ಇದೇ ಗುರುತು. ಒಂದು ಪುಟ್ಟ ಗುಂಡು, ಅದರ ಹಿಂದೆ ಸ್ಪ್ರಿಂಗ್, ಅದು ಕೂರುವ ಗುಳಿ, ಇಷ್ಟೇ ಇರುವುದು. ಗುಳಿ ಸವೆದಿದ್ದರೆ ಸ್ವಿಚ್ ಬದಲಿಸುವುದೇ ಸರಿ. ಬಿಚ್ಚಿ ನೋಡುವ ಆಸೆ ಇದ್ದರೆ ಇಡೀ ಸ್ವಿಚ್ಚನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು ಬಿಚ್ಚಿ. ಗುಂಡು ಹಾರಿ ಸೋಫಾ ಕೆಳಗೆ ಹೋದರೆ ಮತ್ತೆ ಸಿಗುವುದಿಲ್ಲ.

ಲಿವರ್ ನಡುವಿಗೆ ಬಂತು, ದೀಪ ಮಾತ್ರ ಮಿನುಗುತ್ತಲೇ ಇದೆ

ಇದು ಬೇರೆಯೇ ರೋಗ. ಇಲ್ಲಿ ದೋಷ ಕರೆಂಟಿನಲ್ಲಿದೆ. ಆಮೇಲೆ ಯಾರಾದರೂ ಹಾಕಿಸಿದ, ಎರಡೂ ಕಡೆಯ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಸ್ವಿಚ್ ಇದೆಯಾ, ಅದು ಆನ್ ಆಗಿದೆಯಾ ನೋಡಿ. ಇಲ್ಲ ಅಂದರೆ ಇಂಡಿಕೇಟರ್ ಸ್ವಿಚ್ಚಿನಿಂದ ಬರುವ ವೈರ್‌ಗಳ ಜೋಡಣೆಯನ್ನು ಕಳಚಿ. ಬ್ರಿಟಿಷ್ ಕಾರುಗಳಿಗೆ ಎಲೆಕ್ಟ್ರಿಕ್ ಭಾಗ ಮಾಡುತ್ತಿದ್ದ ಲೂಕಸ್ ಕಂಪನಿಯ ಬಣ್ಣದ ಲೆಕ್ಕದಲ್ಲಿ ಹಸಿರಿನ ಮೇಲೆ ಕೆಂಪು ಗೆರೆ ಎಡಕ್ಕೆ, ಹಸಿರಿನ ಮೇಲೆ ಬಿಳಿ ಗೆರೆ ಬಲಕ್ಕೆ. ತಿಳಿ ಹಸಿರಿನ ಮೇಲೆ ಕಂದು ಗೆರೆ ಇರುವುದು, ದೀಪ ಮಿನುಗಿಸುವ ಸಾಧನವಾದ ಫ್ಲ್ಯಾಷರ್‌ನಿಂದ ಬರುವ ಕರೆಂಟ್. ಅರ್ಧ ಶತಮಾನದಲ್ಲಿ ಎಷ್ಟೋ ಕೈ ಬದಲಾದ ಕಾರಿನಲ್ಲಿ ಬಣ್ಣ ಹೀಗೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಕಳಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಕಳಚಿದ ತುದಿಗಳು ಒಂದಕ್ಕೊಂದು, ಬಾಡಿಗೆ ತಾಗದಂತೆ ಟೇಪ್ ಸುತ್ತಿ. ಈಗ ಬ್ಯಾಟರಿ ಹಾಕಿ, ಕೀ ತಿರುಗಿಸಿ. ಮಿನುಗುವುದು ನಿಂತರೆ ಸ್ವಿಚ್ಚಿನ ಒಳಗೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ನಿಲ್ಲದಿದ್ದರೆ ಮುಂದೆ ಎಲ್ಲೋ ಎರಡು ವೈರ್ ಸೇರಿಕೊಂಡಿವೆ. ವೈರಿನ ಪ್ಲಾಸ್ಟಿಕ್ ಕರಗಿರುವುದು ಕಂಡರೆ, ಸುಟ್ಟ ವಾಸನೆ ಬಂದರೆ, ಬ್ಯಾಟರಿ ಬಿಚ್ಚಿ ಅಲ್ಲಿಗೇ ನಿಲ್ಲಿಸಿ. ಆ ಕಾರನ್ನು ಓಡಿಸಿಕೊಂಡು ಹೋಗಬೇಡಿ, ಆಟೋ ಎಲೆಕ್ಟ್ರಿಷಿಯನ್ನನ್ನೇ ಮನೆಗೆ ಕರೆಸಿ.

ಜೊತೆಗೆ ಇನ್ನೊಂದು ಮಾತು. 21 ವ್ಯಾಟ್ ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ಹಳೆಯ ಬಿಸಿ ತಂತಿಯ ಫ್ಲ್ಯಾಷರ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಟಿಕ್ ಟಿಕ್ ಸದ್ದೂ ಇರುವುದಿಲ್ಲ. ಸದ್ದಿಲ್ಲದ ಇಂಡಿಕೇಟರ್ ಮರೆತುಹೋಗುತ್ತದೆ. ಎಲ್‌ಇಡಿ ಬೇಕೇ ಬೇಕು ಅಂದರೆ ಅದಕ್ಕೆ ಹೊಂದುವ, ಸದ್ದು ಮಾಡುವ ಫ್ಲ್ಯಾಷರ್ ಜೊತೆಗೇ ಹಾಕಿಸಿ.

ಸ್ಟಿಯರಿಂಗ್ ತಿರುಗಿಸಿದಾಗ ಕರಕರ ಸದ್ದು

ಸುಮ್ನೆ ಬಿಡಬೇಡಿ. ಮುರಿದ ಚೂರು ಕಂಬ ಮತ್ತು ಕವರಿನ ನಡುವೆ ಸಿಕ್ಕಿರಬಹುದು. ಸ್ಟಿಯರಿಂಗ್ ಎಲ್ಲಾದರೂ ಹಿಡಿದ ಹಾಗೆ ಅನ್ನಿಸಿದರೆ ಕಾರು ನಿಲ್ಲಿಸಿ, ಕವರ್ ಬಿಚ್ಚಿ ಚೂರು ತೆಗೆಯುವ ತನಕ ಓಡಿಸಬೇಡಿ. ಚೂರು ಸಿಗಲಿಲ್ಲ, ಕಂಬವನ್ನು ಹಿಡಿದು ಅಲ್ಲಾಡಿಸಿದರೆ ಪ್ಲೇ ಇದೆ ಅಂದರೆ ಒಳಗಿನ ಬುಷ್, ಅಂದರೆ ಕಂಬವನ್ನು ಅಲ್ಲಾಡದಂತೆ ಹಿಡಿಯುವ ಬಳೆ, ಹೋಗಿದೆ. ಇಂಡಿಕೇಟರ್ ವಿಷಯ ಪಕ್ಕಕ್ಕಿಡಿ. ಕಾರನ್ನು ಟ್ರಕ್ ಮೇಲೆ ಹಾಕಿ ಗ್ಯಾರೇಜಿಗೆ ಕಳಿಸಿ.

ಇಂಡಿಕೇಟರ್ ಸ್ವಿಚ್ ಡ್ಯಾಶ್‌ಬೋರ್ಡಿನಲ್ಲೇ ಇದ್ದರೆ

ಎಂಜಿಎ ಇರುವವರಿಗೆ ಮೇಲಿನದು ಹೆಚ್ಚಾಗಿ ಅನ್ವಯಿಸುವುದಿಲ್ಲ. 1955ರಿಂದ 1962ರವರೆಗೆ ಬಂದ ಆ ಕಾರಿನಲ್ಲಿ ಸ್ವಿಚ್ ಡ್ಯಾಶ್ ಮೇಲಿದೆ. ಸ್ಟಿಯರಿಂಗಿಗೂ ಅದಕ್ಕೂ ಸಂಬಂಧ ಇಲ್ಲ. ಒಳಗೆ ರಬ್ಬರ್ ಪೊರೆಯ ಹಿಂದೆ ಗಾಳಿ ಸಿಕ್ಕಿಕೊಂಡು, ಸಣ್ಣ ರಂಧ್ರದಲ್ಲಿ ನಿಧಾನಕ್ಕೆ ಹಾದು, ಕೆಲವು ಸೆಕೆಂಡಿನಲ್ಲಿ ಸ್ವಿಚ್ ವಾಪಸ್ ಬರುತ್ತದೆ. ತುಂಬಾ ಹೊತ್ತು ಆರದಿದ್ದರೆ ಗಾಳಿಯ ರಂಧ್ರ ಧೂಳಿನಿಂದ ಮುಚ್ಚಿದೆ. ಹಾಕಿದ ತಕ್ಷಣ ಆರಿದರೆ ರಬ್ಬರ್ ಬಿರುಕು ಬಿಟ್ಟಿದೆ.

ಸ್ಟಿಯರಿಂಗ್ ಬಿಚ್ಚಲೇಬೇಕು ಅಂದರೆ

ಮೊದಲ ಸಲ ಬಿಚ್ಚುವವರು ಒಬ್ಬ ಅನುಭವಸ್ಥರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಒಂದು ನಟ್ಟು ಸರಿಯಾಗಿ ಬಿಗಿಯಾಗದಿದ್ದರೆ ಸ್ಟಿಯರಿಂಗ್ ಕೈಗೇ ಬರುತ್ತದೆ.

ಚಕ್ರಗಳನ್ನು ನೆಟ್ಟಗೆ ನಿಲ್ಲಿಸಿ. ಕಂಬದ ತುದಿಗೂ ಬಾಸ್‌ಗೂ ಸೇರಿ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಮತ್ತೆ ಹಾಕುವಾಗ ಒಂದು ಹಲ್ಲೂ ಆಚೀಚೆ ಆಗಬಾರದು. ನಟ್ಟನ್ನು ಪೂರ್ತಿ ತೆಗೆಯಬೇಡಿ, ಎರಡು ಸುತ್ತು ಉಳಿಸಿ ಆಮೇಲೆ ಎಳೆಯಿರಿ. ಹಾಗೆ ಮಾಡದೆ ಎಳೆದರೆ ಸ್ಟಿಯರಿಂಗ್ ಥಟ್ಟನೆ ಬಿಟ್ಟುಕೊಂಡು ಮೂಗಿಗೇ ಬಡಿಯುತ್ತದೆ. ಬರದಿದ್ದರೆ ಪುಲ್ಲರ್ ಬಳಸಿ. ಕಂಬದ ತುದಿಗೆ ಸುತ್ತಿಗೆ ಏಟು ಬೇಡವೇ ಬೇಡ. ಟ್ರಯಂಫ್ ಕಂಪನಿಯದೇ ಆದ ಹೆರಾಲ್ಡ್ ಮತ್ತು ಸ್ಪಿಟ್‌ಫೈರ್‌ಗಳಲ್ಲಿ ಕಂಬ ಎರಡು ತುಂಡಾಗಿ ಒಂದರೊಳಗೆ ಒಂದು ಜಾರುವಂತಿದೆ, ನಡುವೆ ಕ್ಲ್ಯಾಂಪ್ ಹಿಡಿದಿದೆ. ಏಟಿಗೆ ಅದು ಜರುಗುತ್ತದೆ. ನಂತರದ ಕಾರುಗಳಲ್ಲಿ ಅಪಘಾತವಾದಾಗ ಕುಸಿಯುವ ಕಂಬವಿದೆ, ಏಟಿಗೆ ಅದೂ ಕೆಡುತ್ತದೆ. ವಾಪಸ್ ಹಾಕುವಾಗ ನೈಲಾನ್ ಇರುವ ಲಾಕ್ ನಟ್ಟಾದರೆ ಹೊಸದನ್ನೇ ಹಾಕಿ. ವರ್ಕ್‌ಶಾಪ್ ಪುಸ್ತಕದಲ್ಲಿರುವ ಟಾರ್ಕ್‌ಗೆ ಟಾರ್ಕ್ ಸ್ಪ್ಯಾನರ್‌ನಿಂದಲೇ ಬಿಗಿ ಮಾಡಿ.

ಭಾಗ ಎಲ್ಲಿ ಸಿಗುತ್ತದೆ

ಸ್ಪಿಟ್‌ಫೈರ್ ಇರುವವರಿಗೆ ನಮ್ಮ ದೇಶದಲ್ಲಿ ಒಂದು ಅನುಕೂಲ ಇದೆ. ಅದು ಹುಟ್ಟಿದ್ದೇ ಹೆರಾಲ್ಡ್ ಚಾಸಿಯಿಂದ. ಎರಡರ ವಿನ್ಯಾಸವೂ ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ಅವರದು. ಆ ಹೆರಾಲ್ಡನ್ನು 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ಸ್ ಕಟ್ಟಿತು. ಹಾಗಾಗಿ ಸ್ಟಿಯರಿಂಗಿನ ಎಷ್ಟೋ ಚಿಕ್ಕ ಭಾಗಗಳು ಇಲ್ಲೇ ಗುಜರಿಯಲ್ಲಿ ಸಿಗುತ್ತವೆ. ಜೆ.ಸಿ. ರೋಡಿನಲ್ಲಿ ನಾಲ್ಕು ಅಂಗಡಿ ಕೇಳಿದೆ, ಇಲ್ಲ ಅಂದರು. ಶಿವಾಜಿನಗರದಲ್ಲಿ ಒಬ್ಬ ಹಿರಿಯರು ನನ್ನ ಸವೆದ ಕ್ಲಿಪ್ಪನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಹೆರಾಲ್ಡ್‌ದಲ್ವಾ ಇದು?" ಅಂದರು. ಒಳಗೆ ಹೋಗಿ ತುಕ್ಕು ಹಿಡಿದ ಒಂದು ಕಂಬವನ್ನೇ ಎತ್ತಿಕೊಂಡು ಬಂದರು. ಅದರ ಮೇಲೆ ಕ್ಲಿಪ್ ಇನ್ನೂ ಕೂತಿತ್ತು, ಎರಡೂ ಕೊಂಬು ಚೂಪಾಗಿದ್ದವು. ಹೀಗಾಗಿ ಹಳೆಯ ಭಾಗವನ್ನು ಯಾವಾಗಲೂ ಜೇಬಿನಲ್ಲಿ ತೆಗೆದುಕೊಂಡೇ ಹೋಗಿ. ಫೋಟೋ ತೋರಿಸಿದರೆ ಅಳತೆ ಗೊತ್ತಾಗುವುದಿಲ್ಲ.

ಮುರಿದ ಪ್ಲಾಸ್ಟಿಕ್ ನಾಲಿಗೆಯನ್ನು ಅಂಟು ಹಾಕಿ ಕೂರಿಸಿದರೆ ನಿಲ್ಲುವುದಿಲ್ಲ. ನೈಲಾನಿಗೆ ಅಂಟು ಹಿಡಿಯುವುದು ಕಷ್ಟ, ಹಿಡಿದರೂ ಪ್ರತಿ ತಿರುವಿನ ಏಟು ಬೀಳುವುದು ಅಲ್ಲಿಗೇ. ಈಗ ಥ್ರೀಡಿ ಪ್ರಿಂಟ್ ಮಾಡಿಸುವವರು ಜಾಸ್ತಿ. ಮಾಡಿಸಿ, ಆದರೆ ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಬೇಡ. ಅದು 60 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್ ಅಷ್ಟು ಕಾಯುವುದು ದೊಡ್ಡ ಮಾತಲ್ಲ. ಎಬಿಎಸ್ ಅಥವಾ ನೈಲಾನ್ ಕೇಳಿ.

ಮುಗಿದ ಮೇಲೆ

ಕವರ್ ಹಾಕುವ ಮೊದಲು, ಕಾರು ನಿಂತಿರುವಾಗಲೇ ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ಎರಡು ಸಲ ತಿರುಗಿಸಿ. ವೈರ್ ಎಲ್ಲೂ ಎಳೆಯಬಾರದು, ಉಬ್ಬು ಎಲ್ಲೂ ಉಜ್ಜಬಾರದು. ಹಾರ್ನ್ ಒತ್ತಿ ನೋಡಿ, ಬಿಚ್ಚಿದವರು ಮರೆಯುವುದು ಅದನ್ನೇ. ಆಮೇಲೆ ಅದೇ ಬ್ಲಾಕಿನ ಸುತ್ತ ಮತ್ತೆ ಎಂಟು ತಿರುವು.

ನಾನು ಹೋದಾಗ ಏಳೂವರೆ ಆಗಿತ್ತು, ಹಾಲಿನ ಬೂತ್ ಮುಂದೆ ಜನ ಇದ್ದರು. ನಾಲ್ಕು ಎಡ ತಿರುವು, ನಾಲ್ಕು ಬಲ ತಿರುವು. ಎಂಟು ಸಲವೂ ಲಿವರ್ ಟಕ್ ಅಂತ ನಡುವಿಗೆ ಬಂತು. ಆಮೇಲೆ ಆ ಸ್ಕೂಟರ್ ಬಂದಿದ್ದ ಕ್ರಾಸ್ ದಾಟಿಕೊಂಡು ಇನ್ನೊಂದು ಸಲ ಹೋದೆ. ಅಲ್ಲಿ ಒಂದು ಆಟೋ ಕಾಯುತ್ತಿತ್ತು. ನನ್ನ ದೀಪ ಆರಿತ್ತು, ಅವರು ನಿಂತೇ ಇದ್ದರು.